ಬಾಣಂತಿ ಕೋಣೆಗೆ ಬಂದ ಆಯಸ್ಕಾಂತ

ನನ್ನ ಅತ್ತೆ ಊರಿನಿಂದ ಬಂದಿಳಿದ ವಾರದಲ್ಲೇ ನಮ್ಮ ಇಡೀ ಕಟ್ಟಡವನ್ನು ಬೀದಿಗೆ ಇಳಿಸಿದರು. ಸುಳ್ಳಲ್ಲ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ಆ ಕಟ್ಟಡದಲ್ಲಿ ಎಷ್ಟು ದೇಶದವರಿದ್ದೇವೆ ಎಂದು ನನಗೆ ತಿಳಿದದ್ದೇ ಆ ಬೆಳಿಗ್ಗೆ. ಒಬ್ಬರು ಅರ್ಧ ಶೇವ್ ಮಾಡಿದ ಮುಖದಲ್ಲಿ, ಇನ್ನೊಬ್ಬರು ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ಎಲ್ಲರೂ ಪಾರ್ಕಿಂಗ್ ಜಾಗದಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಮೇಲೆ ನಮ್ಮ ಕಿಟಕಿಯಿಂದ ಸಾಂಬ್ರಾಣಿ ಹೊಗೆ ಆರಾಮವಾಗಿ ಹೊರಗೆ ಬರುತ್ತಿತ್ತು.

ಆದದ್ದು ಇಷ್ಟು. ನನ್ನ ಹೆಂಡತಿಗೆ ಹೆರಿಗೆಯಾಗಿತ್ತು. ಅವಳ ಅಮ್ಮ, ಅಂದರೆ ನನ್ನ ಅತ್ತೆ, ಬಾಣಂತನ ಮಾಡಲು ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಬಾಣಂತಿಗೆ ಬಿಸಿನೀರು ಹೊಯ್ದು, ಮಗುವಿಗೆ ಎಣ್ಣೆ ತಿಕ್ಕಿ ಮೀಯಿಸಿ, ತೆಂಗಿನ ಗೆರಟೆ ಸುಟ್ಟ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಒದ್ದೆ ಕೂದಲಿಗೆ ಹೊಗೆ ಹಿಡಿಯುವುದು ನಮ್ಮ ಕಡೆಯ ಕ್ರಮ. ಅತ್ತೆ ಕ್ರಮ ತಪ್ಪುವ ಜನವಲ್ಲ. ಸೂಟ್‌ಕೇಸಿನಲ್ಲಿ ಗೆರಟೆಯನ್ನೂ ತಂದಿದ್ದರು! ಆದರೆ ಹಾಲ್‌ನ ಚಾವಣಿಯಲ್ಲಿದ್ದ ಹೊಗೆಯ ಅಲಾರಂಗೆ ನಮ್ಮ ಕ್ರಮ ಎಲ್ಲಿಂದ ಗೊತ್ತಿರಬೇಕು? ಅದು ಬೊಬ್ಬೆ ಹೊಡೆಯತೊಡಗಿತು, ಅದರ ಬೊಬ್ಬೆ ಕೇಳಿ ಪಕ್ಕದ್ದು, ಆಮೇಲೆ ಇಡೀ ಕಟ್ಟಡ. ವಾಚ್‌ಮನ್ ಓಡಿ ಬಂದು ಕೆಂಡದ ಬಟ್ಟಲಿಗೆ ಒಂದು ಬಕೆಟ್ ನೀರು ಸುರಿದು "ಖಲಾಸ್, ಖಲಾಸ್" ಎಂದು ಎಲ್ಲರನ್ನೂ ಮೇಲೆ ಕಳಿಸುವ ಹೊತ್ತಿಗೆ, ನನ್ನ ಹೆಂಡತಿ ಕಂಬಳಿ ಹೊದ್ದು ಪಾರ್ಕಿಂಗಿನ ಗಾಳಿಯಲ್ಲಿ ನಡುಗುತ್ತಾ ನಿಂತಿದ್ದಳು. ಬಾಣಂತಿಗೆ ಶೀತ ತಾಗಬಾರದು ಎಂದು ಹೊರಟವರು ಅವಳನ್ನು ಜನವರಿಯ ಗಾಳಿಗೇ ತಂದು ನಿಲ್ಲಿಸಿದ್ದೆವು.

ಮೇಲೆ ಹೋದ ಮೇಲೆ ಅತ್ತೆ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಅಂಗಾಲು ಮುಟ್ಟಿ ನೋಡಿದರು. ಮಗುವಿಗೆ ಬೆಚ್ಚಗಿದೆಯೋ ಇಲ್ಲವೋ ಎಂದು ನೋಡಲು ಅವರಿಗೆ ಅದೊಂದೇ ಥರ್ಮಾಮೀಟರ್. ನಮ್ಮ ಮಗಳು ಸ್ವಲ್ಪ ಮುಂಚೆಯೇ ಹುಟ್ಟಿದವಳು, ಸಣ್ಣ ಜೀವ. ಕೋಣೆ ಬೆಚ್ಚಗಿರಲಿ ಎಂದು ಡಾಕ್ಟರೂ ಹೇಳಿ ಕಳಿಸಿದ್ದರು. ಆದರೆ ಆ ಫ್ಲ್ಯಾಟಿನಲ್ಲಿ ನಮಗಿದ್ದದ್ದು ಒಂದು ಕೋಣೆ ಮಾತ್ರ. ಹಾಲ್‌ನಲ್ಲಿ ಮಂಗಳೂರಿನ ಕೊಂಕಣಿ ದಂಪತಿ ಇದ್ದರು. ಆಕೆ ಆಸ್ಪತ್ರೆಯಲ್ಲಿ ನರ್ಸ್, ನೈಟ್ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುವವರು. ತಣ್ಣಗಿಲ್ಲದಿದ್ದರೆ ಅವರಿಗೆ ನಿದ್ರೆ ಬಾರದು, ಇಡೀ ಫ್ಲ್ಯಾಟಿನ ಏಸಿಗೆ ಇದ್ದದ್ದು ಒಂದೇ ಸ್ವಿಚ್, ಅದೂ ಹಾಲ್‌ನಲ್ಲಿ. ಪಾಪ, ಅವರದೂ ತಪ್ಪಲ್ಲ.

"ನೋಡಿ, ನಾನು ನಿಮಗೆ ಬೈಯುವುದಲ್ಲ," ಎಂದರು ಅತ್ತೆ. ಅಳಿಯನಾದ ನನಗೆ ಅವರು ಎಂದೂ ಸ್ವರ ಏರಿಸಿ ಮಾತಾಡಿದವರಲ್ಲ. ಅದಕ್ಕೇ ಹೆದರಿಕೆ ಜಾಸ್ತಿ. "ಇದು ಬಾಣಂತಿ ಇರುವ ಮನೆ ಅಲ್ಲ. ಮಗುವಿನ ಪಾಸ್‌ಪೋರ್ಟ್ ಬಂದ ಕೂಡಲೇ ಇವರಿಬ್ಬರನ್ನೂ ನಾನು ಊರಿಗೆ ಕರ್ಕೊಂಡು ಹೋಗ್ತೇನೆ. ಮಗು ಗಟ್ಟಿಯಾದ ಮೇಲೆ ಕಳಿಸ್ತೇನೆ."

ಮಗು ಗಟ್ಟಿಯಾಗುವುದು ಎಂದರೆ ನಮ್ಮಲ್ಲಿ ಎಷ್ಟು ದಿನ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಡೆಯುವಷ್ಟು ಆಗಬೇಕು. ನಾನು ಬಾಲ್ಕನಿಗೆ ಹೋಗಿ ನಿಂತುಕೊಂಡೆ.

ನನ್ನ ಅಪ್ಪ ಅಬುಧಾಬಿಯ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ನಾನು ಹುಟ್ಟಿದ್ದು ಅವರಿಗೆ ತಿಳಿದದ್ದು ಟೆಲಿಗ್ರಾಮಿನಲ್ಲಿ. ಅವರಿಗೆ ರಜೆ ಸಿಕ್ಕಿ ಅವರು ನನ್ನನ್ನು ಮೊದಲು ನೋಡಿದಾಗ ನಾನು ಅಂಗಳದಲ್ಲಿ ಓಡಾಡುತ್ತಿದ್ದೆನಂತೆ. ಅವರು ಟ್ಯಾಕ್ಸಿಯಿಂದ ಇಳಿದು ಕೈ ಚಾಚಿದರೆ ನಾನು ಕಿರುಚಿ ಅತ್ತು ಅಜ್ಜಿಯ ಸೆರಗಿನೊಳಗೆ ಹೊಕ್ಕೆನಂತೆ. ರಜೆ ಮುಗಿಯುವವರೆಗೂ ಅವರ ಹತ್ತಿರ ಹೋಗಲಿಲ್ಲವಂತೆ. ನಮ್ಮ ಮನೆಯಲ್ಲಿ ಇದನ್ನು ನಗೆಯ ಕತೆಯಾಗಿ ಎಲ್ಲರೂ ಹೇಳುತ್ತಾರೆ, ಅಪ್ಪನೂ ನಗುತ್ತಾರೆ. ಮಗಳು ಹುಟ್ಟಿದ ಮೇಲೆ ನನಗೆ ಆ ಕತೆಗೆ ನಗು ಬರುವುದು ನಿಂತುಹೋಯಿತು. ನಾನು ಅಲ್ ಮುರಕ್ಕಬಾತ್‌ನ ಬೆಡ್‌ಸ್ಪೇಸಿನಲ್ಲಿ, ಅಂದರೆ ಹತ್ತಾರು ಜನರ ಕೋಣೆಯಲ್ಲಿ ಬಾಡಿಗೆಗೆ ಹಿಡಿದ ಒಂದು ಮಂಚದಲ್ಲಿ, ವರ್ಷಗಟ್ಟಲೆ ಮಲಗಿ, ಕೊನೆಗೂ ಫ್ಯಾಮಿಲಿ ವೀಸಾ ಮಾಡಿಸಿ ಹೆಂಡತಿಯನ್ನು ಕರೆಸಿಕೊಂಡದ್ದೇ ನನ್ನ ಮಗು ನನ್ನನ್ನು ನೋಡಿ ಅಳಬಾರದು ಎಂದು.

ನಾನು ಕೆಲಸ ಮಾಡುತ್ತಿದ್ದದ್ದು ರಾಸ್ ಅಲ್ ಖೋರ್‌ನ ಒಂದು ಏಸಿ ವರ್ಕ್‌ಶಾಪಿನಲ್ಲಿ, ಸರ್ವಿಸ್ ಇಂಜಿನಿಯರ್ ಆಗಿ. ಯಜಮಾನರು ಭಟ್ಕಳದ ನವಾಯತ ಮುಸ್ಲಿಮರು. ತಾತನ ಕಾಲದಿಂದ ವ್ಯಾಪಾರದ ಮನೆತನ, ಆದರೆ ಇವರಿಗೆ ವ್ಯಾಪಾರಕ್ಕಿಂತ ಹೊಸ ಮೆಷಿನಿನ ಹುಚ್ಚು ಹೆಚ್ಚು. ನಾವು ಅವರನ್ನು ಸಾಹೇಬರೆಂದೇ ಕರೆಯುತ್ತಿದ್ದೆವು. ಆ ಚಳಿಗಾಲದಲ್ಲಿ ಅವರು ಯುರೋಪಿನ ಒಂದು ಸಣ್ಣ ಕಂಪನಿಯಿಂದ ಪರೀಕ್ಷೆಗೆಂದು ಒಂದು ಮೆಷಿನ್ ತರಿಸಿದ್ದರು. ಬಟ್ಟೆಯ ಕಪಾಟಿನಷ್ಟು ದೊಡ್ಡದು. ಅದರ ಜೊತೆ ಬಂದ ಒಬ್ಬ ಬಿಳಿಯ ಇಂಜಿನಿಯರ್ ನಮ್ಮನ್ನೆಲ್ಲ ಸುತ್ತ ನಿಲ್ಲಿಸಿ ಹೇಳಿದ್ದು ಕೇಳಿ ನಮ್ಮ ಫೋರ್‌ಮನ್ ನನ್ನ ಪಕ್ಕೆಗೆ ತಿವಿದ.

"ಗ್ಯಾಸ್ ಇಲ್ವಂತೆ, ಕಂಪ್ರೆಸರೂ ಇಲ್ವಂತೆ," ಎಂದ ಅವನು ಮೆಲ್ಲಗೆ. "ಮತ್ತೆ ಒಳಗೆ ಎಂತ ಉಂಟು ಮಾರಾಯ, ದೆವ್ವವಾ?"

ಫೋರ್‌ಮನ್ ನನಗಿಂತ ಹಿರಿಯ, ಕಾರ್ಕಳದವನು. ನಾನು ಅಣ್ಣ ಎನ್ನುತ್ತಿದ್ದೆ. ತನ್ನ ಇಡೀ ಪ್ರಾಯವನ್ನು ದುಬೈಯ ಮನೆಗಳನ್ನು ತಣ್ಣಗೆ ಮಾಡುವುದರಲ್ಲೇ ಕಳೆದವನು. ಕಂಪ್ರೆಸರ್ ಶಬ್ದಕ್ಕೆ ಕಿವಿಗೊಟ್ಟೇ ರೋಗ ಹೇಳುತ್ತಿದ್ದ. ಶಬ್ದವೇ ಇಲ್ಲದ ಮೆಷಿನ್ ಅವನಿಗೆ ಅವಮಾನ ಮಾಡಿದಂತಿತ್ತು.

ಒಳಗೆ ಇದ್ದದ್ದು ಆಯಸ್ಕಾಂತ. ಬಲವಾದ ಆಯಸ್ಕಾಂತಗಳು ನಿಧಾನವಾಗಿ ತಿರುಗುತ್ತವೆ. ನಡುವೆ ಗ್ಯಾಡೋಲಿನಿಯಂ ಎಂಬ ಲೋಹದ ತೆಳ್ಳಗಿನ ಹಾಳೆಗಳು. ಆಯಸ್ಕಾಂತ ಹತ್ತಿರ ಬಂದಾಗ ಲೋಹ ಬಿಸಿಯಾಗುತ್ತದೆ, ದೂರ ಹೋದಾಗ ತಣ್ಣಗಾಗುತ್ತದೆ. ಬಿಸಿಯಾದಾಗ ಅದರ ಮೇಲೆ ನೀರು ಹರಿಸಿ ಬಿಸಿಯನ್ನು ಒಂದು ಕಡೆಗೆ ಒಯ್ಯುವುದು, ತಣ್ಣಗಾದಾಗ ನೀರು ಹಿಂದಕ್ಕೆ ಹರಿಸಿ ಹೊರಗಿನ ಗಾಳಿಯಿಂದ ಇನ್ನಷ್ಟು ಬಿಸಿಯನ್ನು ಹೀರಿ ತರುವುದು. ಅಷ್ಟೇ ವಿದ್ಯೆ. ಇಂಜಿನಿಯರ್ ಆ ಲೋಹದ ಒಂದು ಚೂರನ್ನು ಕಡ್ಡಿಗೆ ಸಿಕ್ಕಿಸಿ ಎರಡು ಆಯಸ್ಕಾಂತಗಳ ನಡುವೆ ತೂರಿಸಿ, ನನ್ನನ್ನು ಬಗ್ಗಿಸಿ ಅಲ್ಲೇ ಅದರ ಅಂಚನ್ನು ತುಟಿಗೆ ತಾಗಿಸಿದ. ಬೆಚ್ಚಗೆ! ಬೆಂಕಿ ಇಲ್ಲ, ಕರೆಂಟಿನ ಕಾಯಿಲ್ ಇಲ್ಲ, ಸುಮ್ಮನೆ ಒಂದು ಆಯಸ್ಕಾಂತದ ಹತ್ತಿರ ಹೋದ ಲೋಹ, ಜ್ವರ ಬಂದ ಮಗುವಿನ ಹಣೆಯಂತೆ ಬೆಚ್ಚಗೆ. ನನ್ನ ಮೈ ಜುಮ್ಮೆಂದಿತು. ನಾನು ಎಲ್ಲರ ಎದುರು ಸಣ್ಣ ಹುಡುಗನ ಹಾಗೆ "ಇನ್ನೊಮ್ಮೆ, ಇನ್ನೊಮ್ಮೆ" ಎಂದು ಕೇಳಿದೆ.

ಆದರೆ ಆ ಮೆಷಿನಿಗೆ ಒಂದು ಬಲಹೀನತೆ ಇತ್ತು. ಅದು ಕುದಿಸುವಷ್ಟು ಬಿಸಿ ಕೊಡಲಾರದು. ನೀರನ್ನು ಹಿತವಾಗಿ ಬೆಚ್ಚಗೆ ಮಾಡಬಲ್ಲದು, ಅಷ್ಟೇ. ಹಾಗಾಗಿ ಅದಕ್ಕೆ ಬೇಕಾದದ್ದು ಬಿಸಿಯನ್ನು ಬಿಟ್ಟುಕೊಡದ ಮನೆ. ಅಂಥ ಮನೆಯೊಂದು ಸಾಹೇಬರ ಬಳಿ ಇತ್ತು. ದುಬೈ ಅಬುಧಾಬಿಗಳ ನಡುವೆ, ದೊಡ್ಡ ರಸ್ತೆಯಿಂದ ಒಳಗೆ ಮರಳಿನಲ್ಲಿ, ಒಂಟೆ ಸಾಕುವವರ ಬೇಲಿಗಳ ಆಚೆ, ಕಡಿಮೆ ಕರೆಂಟಿನ ಮನೆ ಎಂದು ಮಾದರಿಗೆ ಕಟ್ಟಿಸಿದ್ದರು. ಗೋಡೆ ಮೊಳದಷ್ಟು ದಪ್ಪ, ಕಿಟಕಿಗೆ ಮೂರು ಪದರ ಗಾಜು, ಬಾಗಿಲು ಮುಚ್ಚಿದರೆ ಫ್ರಿಜ್ಜಿನ ಬಾಗಿಲು ಮುಚ್ಚಿದ ಶಬ್ದ. ನೆಲದ ಅಡಿಯಲ್ಲಿ ಹಾವಿನ ಹಾಗೆ ಸುತ್ತಿ ಹೋದ ನೀರಿನ ಪೈಪು. ಬೆಚ್ಚನೆಯ ನೀರು ಅದರಲ್ಲಿ ಹರಿದರೆ ಇಡೀ ನೆಲವೇ ಬೆಚ್ಚಗೆ.

"ಈಗ ಒಂದು ಕುಟುಂಬ ಬೇಕು," ಎಂದರು ಸಾಹೇಬರು. "ಚಳಿಗಾಲ ಇಡೀ ಅಲ್ಲಿ ವಾಸ ಇರಬೇಕು, ಮನೆ ಬಿಸಿ ಮಾಡ್ಕೊಂಡು. ಖಾಲಿ ಮನೆಯ ಪರೀಕ್ಷೆ ಆ ಕಂಪನಿಗೆ ಬೇಡವಂತೆ."

ವರ್ಕ್‌ಶಾಪಿಗೆ ವರ್ಕ್‌ಶಾಪೇ ನಕ್ಕಿತು. ದುಬೈಯಲ್ಲಿ ಮನೆ ಬಿಸಿ ಮಾಡಿಕೊಂಡು ಇರುವ ಮರುಳ ಯಾರು? ನಗಬೇಡಿ ಮಾರಾಯ್ರೆ ಎಂದು ಸಾಹೇಬರೇ ನಗುತ್ತಿದ್ದರು. ನಾನು ಮಾತ್ರ ನಗಲಿಲ್ಲ. ಚಳಿಗಾಲ ಇಡೀ ಬೆಚ್ಚಗಿರಬೇಕಾದ ಮನೆ!

"ಸಾಹೇಬ್ರೆ," ಎಂದೆ, "ನಮ್ಮ ಮನೆಯಲ್ಲಿ ಬಾಣಂತಿ ಇದ್ದಾಳೆ."

ನಗು ನಿಂತಿತು. ಸಾಹೇಬರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. ಅವರಲ್ಲೂ ನಲವತ್ತು ದಿನ ಬಾಣಂತಿಯನ್ನು ಬೆಚ್ಚಗಿನ ಕೋಣೆಯಿಂದ ಹೊರಗೆ ಬಿಡುವುದಿಲ್ಲ. "ನಮ್ಮ ಅಮ್ಮ ಫ್ಯಾನಿನ ರೆಕ್ಕೆಯನ್ನೇ ಕಳಚಿ ಇಡ್ತಿದ್ರು," ಎಂದು ಹೇಳಿ ಅವರು ಮೇಜು ಗುದ್ದಿದರು. "ಯಲ್ಲಾ! ನಾಳೆಯೇ ಫಿಟ್ಟಿಂಗ್ ಮಾಡಿ."

ಸಾಹೇಬರನ್ನು ಒಪ್ಪಿಸುವುದು ಸುಲಭ. ಅತ್ತೆಯನ್ನು ಒಪ್ಪಿಸುವುದು ಹೇಗೆ? ಕೆಂಡವಿಲ್ಲದೆ ಬಿಸಿ ಬರುತ್ತದೆ ಎಂದರೆ ಅವರು ನಂಬುವವರಲ್ಲ. ಆ ಸಂಜೆ ಗಾಡೋ ಪಾಡೋ ಲೋಹದ ಹೆಸರೆಲ್ಲ ಹೇಳಿ ನಾನು ಬೆವರಿದೆ. ಅವರು ಮಗುವಿನ ಬಟ್ಟೆ ಮಡಚುತ್ತಾ ಹೂಂ ಎನ್ನುತ್ತಿದ್ದರು. ಕೊನೆಗೆ ಹೆಂಡತಿಯೇ ಮಲಗಿದ್ದಲ್ಲಿಂದ ಕೈ ಚಾಚಿ ಕರಿಬೇವಿನ ಕಟ್ಟಿನ ರಬ್ಬರ್ ಬ್ಯಾಂಡ್ ತೆಗೆದುಕೊಂಡಳು.

"ಅಮ್ಮ, ಇದನ್ನು ಗಬಕ್ಕನೆ ಎಳೆದು ತುಟಿಗೆ ತಾಗಿಸಿ ನೋಡು."

ಅತ್ತೆ ಎಳೆದರು, ತುಟಿಗೆ ತಾಗಿಸಿದರು. ಹುಬ್ಬು ಮೇಲೆ ಹೋಯಿತು. ಬಿಟ್ಟು ಇನ್ನೊಮ್ಮೆ ತಾಗಿಸಿದರು. "ಎಳೆದರೆ ಬಿಸಿ, ಬಿಟ್ಟರೆ ತಂಪು," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

"ಅದೇ ಅತ್ತೆ! ಆ ಲೋಹವೂ ಹಾಗೇ. ಎಳೆಯುವುದು ಕೈಯಲ್ಲ, ಆಯಸ್ಕಾಂತ."

"ಆಯಸ್ಕಾಂತವಾ? ಕಬ್ಬಿಣ ಎಳೀತದಲ್ಲ, ಅದಾ?"

ಹೌದು ಎಂದೆ. ಅವರ ಮುಖ ಬದಲಾಯಿತು. ಬಾಣಂತಿಯ ದಿಂಬಿನ ಕೆಳಗೆ ದೃಷ್ಟಿ ತಾಗದಂತೆ ಒಂದು ಕಬ್ಬಿಣದ ಮೊಳೆ ಇಡುವುದು ಅವರ ಇನ್ನೊಂದು ಕ್ರಮ. ಕಬ್ಬಿಣವೇ ಒಳ್ಳೆಯದಾದರೆ ಕಬ್ಬಿಣವನ್ನೂ ಎಳೆದು ಹಿಡಿಯುವ ವಸ್ತು ಎಷ್ಟು ಒಳ್ಳೆಯದಿರಬೇಡ! ಆ ಲೆಕ್ಕಾಚಾರ ಅವರ ಕಣ್ಣಲ್ಲೇ ಕಾಣುತ್ತಿತ್ತು. "ಆಗಲಿ, ನೋಡುವ," ಎಂದರು. "ಆದರೆ ಪಾಸ್‌ಪೋರ್ಟ್ ಬರುವುದರೊಳಗೆ ಮಗುವಿನ ಅಂಗಾಲು ಬೆಚ್ಚಗಿರಬೇಕು. ಇಲ್ಲದಿದ್ದರೆ ನಾನು ಹೇಳಿದ್ದೇ."

ಫೋರ್‌ಮನ್ ಅಣ್ಣ ತನ್ನ ಹುಡುಗರೊಂದಿಗೆ ಎರಡೇ ದಿನದಲ್ಲಿ ಮೆಷಿನ್ ಕೂರಿಸಿದ. ಕಂಪನಿಯವರು ಎರಡು ಜೋಡಿ ಪೈಪಿಗೆ ಬಣ್ಣದ ಟೇಪು ಸುತ್ತಿ ಕಳಿಸಿದ್ದರು: ಬಿಸಿಯ ಜೋಡಿಗೆ ಕೆಂಪು, ತಣ್ಣನೆಯ ಜೋಡಿಗೆ ನೀಲಿ. ಒಂದು ಜೋಡಿ ನೆಲದ ಅಡಿಗೆ, ಇನ್ನೊಂದು ಮನೆಯ ಹಿಂದೆ ಫ್ಯಾನ್ ಇದ್ದ ಕಾಯಿಲಿಗೆ, ಅಂದರೆ ಗಾಳಿಗೆ ತೆರೆದ ಪೈಪಿನ ಸುರುಳಿಗೆ. ಬಿಚ್ಚಿದ ಪೆಟ್ಟಿಗೆಯ ಹತ್ತಿರ ಹೋದ ಅವನ ಸ್ಪ್ಯಾನರ್ ಕೈಯಿಂದ ಹಾರಿ ಆಯಸ್ಕಾಂತಕ್ಕೆ ಅಂಟಿ, ಮೂವರು ಸೇರಿ ಕೀಳಬೇಕಾಯಿತು. ಆ ದಿನವೇ ಬಾಣಂತಿ, ಮಗು, ಸಾಮಾನಿನ ಜೊತೆ ಅಲ್ಲಿಗೆ ಬಂದಿಳಿದಿದ್ದ ಅತ್ತೆ ಅದನ್ನು ಕಣ್ಣಾರೆ ಕಂಡು ಬಹಳ ತೃಪ್ತಿಪಟ್ಟರು.

ಮನೆ ಅವರಿಗೆ ಇಷ್ಟವಾಯಿತು. ಗಾಳಿ ನುಗ್ಗದ ಕೋಣೆ, ಬೇಕಾದಷ್ಟು ಬಿಸಿನೀರು, ಹೊಗೆ ಹಿಡಿಯಲು ಹಿಂದೆ ಒಂದು ಮರೆಯಾದ ಕಟ್ಟೆ. ನಾನು ಸ್ವಿಚ್ ಹಾಕಿದೆ. ಪೆಟ್ಟಿಗೆಯೊಳಗೆ ಏನೋ ಮೆತ್ತಗೆ ಸುತ್ತಿದ ಹಾಗಾಯಿತು, ನೀರಿನ ಪಂಪು ಸಣ್ಣಗೆ ಗುಂಯ್‌ಗುಟ್ಟಿತು. ಅಷ್ಟೇ ಶಬ್ದ. ಹೊರಡುವಾಗ ಫೋರ್‌ಮನ್ ಪೆಟ್ಟಿಗೆಗೆ ಕಿವಿಯಿಟ್ಟು ಆಲಿಸಿ ತಲೆಯಾಡಿಸಿದ. "ಜೀವ ಉಂಟೋ ಇಲ್ಲವೋ ಗೊತ್ತೇ ಆಗುದಿಲ್ಲ ಮಾರಾಯ," ಎಂದ.

ಸಂಜೆಯಾಗುತ್ತಿದ್ದಂತೆ ಹೊರಗೆ ಮರಳು ತಣ್ಣಗಾಗತೊಡಗಿತು. ಬರಿಗಾಲಲ್ಲಿ ಓಡಾಡುತ್ತಿದ್ದ ಅತ್ತೆ ಆಗಾಗ ನಿಂತು ಕಾಲು ಎತ್ತಿ ಇಡುತ್ತಿದ್ದರು. "ನೆಲ ತಂಪುಂಟಲ್ಲ," ಎಂದರು. ನೆಲ ಬಿಸಿಯಾಗಲು ಹೊತ್ತು ಬೇಕು ಅತ್ತೆ, ಎಂದೆ. ಸ್ವಲ್ಪ ಹೊತ್ತಿನ ಮೇಲೆ, "ಮೊದಲಿಗಿಂತ ಜಾಸ್ತಿ ತಂಪುಂಟು," ಎಂದರು. ನಾನು ಮುಟ್ಟಿ ನೋಡಿದೆ. ತಣ್ಣಗೆ ಕೊರೆಯುತ್ತಿತ್ತು. ಹೆಂಡತಿ ಎರಡು ಜೊತೆ ಸಾಕ್ಸ್ ಹಾಕಿ ಮಂಚದ ಮೇಲೆ ಕೂತು, ಮಗುವನ್ನು ಅಮ್ಮನ ಮಡಿಲಿಗೆ ಕೊಟ್ಟು, ನನ್ನ ಮುಖ ನೋಡಿದಳು. "ನಿಮ್ಮ ಮೆಷಿನಿಗೆ ಬಾಣಂತಿ ಯಾರು ಅಂತ ಹೇಳಿದ್ದೀರಿ ತಾನೇ?" ಎಂದಳು. ತಮಾಷೆಯೇ, ಆದರೆ ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

ನಾನು ಫೋರ್‌ಮನ್‌ಗೆ ಫೋನ್ ಮಾಡಿದೆ.

"ಆಯಸ್ಕಾಂತ ತಿರುಗ್ತಾ ಉಂಟಾ?" ಎಂದು ಅವನು ಕೇಳಿದ.

"ಉಂಟು."

"ಪಂಪು?"

"ಉಂಟು."

"ಹೊರಗಿನ ಕಾಯಿಲ್ ಮುಟ್ಟಿ ನೋಡು, ಬಿಸಿ ಉಂಟಾ?"

ನಾನು ಹಿಂದೆ ಓಡಿ ಮುಟ್ಟಿ ನೋಡಿದೆ. ಒಳ್ಳೆ ಬಿಸಿ! ಫ್ಯಾನಿನಿಂದ ಬೆಚ್ಚನೆಯ ಗಾಳಿ ಸುಯ್ಯೆಂದು ಬರುತ್ತಿತ್ತು. "ಬಿಸಿ ಉಂಟಣ್ಣ, ಚೆನ್ನಾಗಿ ಬಿಸಿ ಉಂಟು!" ಎಂದೆ.

"ಹಾಗಾದ್ರೆ ಮೆಷಿನ್ ಫಸ್ಟ್ ಕ್ಲಾಸ್. ಬೆಳಿಗ್ಗೆ ನೋಡು."

ಇಬ್ಬರಿಗೂ ಸಮಾಧಾನವಾಯಿತು. ಹೊರಗಿನದು ಬಿಸಿಯಾಗಿದ್ದರೆ ಮೆಷಿನ್ ಸರಿಯಿದೆ. ಗಲ್ಫಿನ ಏಸಿಯವರಿಗೆ ಇದು ಹಗಲು ರಾತ್ರಿಯಷ್ಟೇ ನಿಜ. ನಾನು ಒಳಗೆ ಬಂದು ಎಲ್ಲ ಸರಿಯಾಗಿದೆ ಎಂದು ಘೋಷಿಸಿದೆ. ಅತ್ತೆ ಮಗುವನ್ನು ಎದೆಗೆ ಕಟ್ಟಿಕೊಂಡ ಹಾಗೆ ಹಿಡಿದು, ಮೇಲೆ ತಮ್ಮ ಶಾಲು ಹೊದ್ದು ಮಲಗಿದರು.

ಬೆಳಿಗ್ಗೆ ಎದ್ದರೆ ಹೊರಗೆ ದಟ್ಟ ಮಂಜು, ಕಾರಿನ ಗಾಜಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಲದ ಮೇಲೆ ಕಾಲಿಟ್ಟರೆ ಜೀವ ಝಲ್ಲೆನ್ನುತ್ತಿತ್ತು. ಅಷ್ಟರಲ್ಲಿ ನನ್ನ ಫೋನಿಗೆ ಮೆಸೇಜ್ ಬಂತು: ಮಗುವಿನ ಪಾಸ್‌ಪೋರ್ಟ್ ತಯಾರಾಗಿದೆ, ಬಂದು ತೆಗೆದುಕೊಳ್ಳಿ. ಬೇರೆ ದಿನ ಸಿಗಲಿಲ್ಲವೇ ಅದಕ್ಕೆ! ಫೋನನ್ನು ಜೇಬಿಗೆ ಹಾಕುವ ಮೊದಲೇ ಅತ್ತೆ ನನ್ನ ಮುಖ ಓದಿದ್ದರು.

"ಬಂತಾ?"

"ಬಂತು."

"ಟಿಕೆಟ್ ಮಾಡಿ," ಎಂದರು ಅವರು. ಸಿಟ್ಟಿಲ್ಲ, ಏನಿಲ್ಲ. "ನಿಮ್ಮ ಮನಸ್ಸು ನನಗೆ ಗೊತ್ತಾಗ್ತದೆ. ಆದರೆ ಇವಳ ಕಾಲು ಮುಟ್ಟಿ ನೋಡಿ."

ಮುಟ್ಟಿದೆ. ಹೆಬ್ಬೆರಳಿನಷ್ಟು ಸಣ್ಣ ಪಾದ, ಶಾಲಿನೊಳಗಿದ್ದೂ ತಣ್ಣಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಮಗುವಿನ ಕಾಲು ತಣ್ಣಗಾದರೂ ಇವಳು ಇಲ್ಲೇ ಇರಲಿ ಎಂದು ಯಾವ ಬಾಯಲ್ಲಿ ಹೇಳಲಿ? ಆಗಲಿ ಎಂದೆ. ಅತ್ತೆ ಮಗುವನ್ನು ಹೆಂಡತಿಗೆ ಕೊಟ್ಟು, ಒಗೆದ ಬಟ್ಟೆಯ ಬಕೆಟ್ ಹಿಡಿದು ಹಿಂದಕ್ಕೆ ಹೋದರು. ನಾನು ಅಡುಗೆಮನೆಯಲ್ಲಿ ನಿಂತು ಮಂಗಳೂರಿನ ವಿಮಾನ ಹುಡುಕತೊಡಗಿದೆ. ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಸ್ಟೂಲನ್ನು ಒದ್ದೆ. ನನ್ನ ಕಾಲಿಗೇ ನೋವಾಯಿತು.

ಸ್ವಲ್ಪ ಹೊತ್ತಾಗಿರಬಹುದು. ಅತ್ತೆ ಒಂದು ರಾಶಿ ಬಟ್ಟೆ ಹೊತ್ತು ಒಳಗೆ ಬಂದರು. ಹಳೆಯ ಸೀರೆ ಹರಿದು ಮಾಡಿದ ಮಗುವಿನ ಬಟ್ಟೆಗಳು. ಈಗಷ್ಟೇ ಒಯ್ದದ್ದನ್ನು ಯಾಕೆ ವಾಪಸ್ ತಂದರೋ, ಮಂಜಿಗೆ ಒಣಗುವುದಿಲ್ಲ ಎಂದಿರಬೇಕು ಎಂದುಕೊಂಡೆ.

"ನಿಮ್ಮ ಮೆಷಿನಿಗೆ ನಾನು ಸುಮ್ಮನೆ ಬೈದೆ," ಎಂದರು. "ಒಂದು ಕೆಲಸ ಚೆನ್ನಾಗಿ ಮಾಡ್ತದೆ. ಹಿಂದೆ ಆ ಫ್ಯಾನಿನ ಮುಂದೆ ಹಗ್ಗ ಕಟ್ಟಿದೆ. ಇಂಥ ಮಂಜಿನಲ್ಲೂ ಗರಿಗರಿ ಒಣಗಿತು ನೋಡಿ."

ನಾನು ಬಟ್ಟೆ ಮುಟ್ಟಿದೆ. ಗರಿಗರಿ, ಬಿಸಿಬಿಸಿ.

"ಒಳಗೆ ಬಾಣಂತಿ ನಡುಗ್ತಾ ಇದ್ದಾಳೆ, ಬಿಸಿ ಎಲ್ಲ ಹೊರಗೆ ಹೋಗ್ತಾ ಉಂಟು," ಎಂದರು ಅತ್ತೆ ಬಟ್ಟೆ ಮಡಚುತ್ತಾ. "ಹೊರಗೆ ಯಾರಾದರೂ ಹೆತ್ತಿದ್ದಾರಾ?"

ನನ್ನ ತಲೆಯೊಳಗೆ ಏನೋ ಢಬ್ ಎಂದು ಬಿದ್ದ ಹಾಗಾಯಿತು. ಬಟ್ಟೆಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಹಿಂದಕ್ಕೆ ಓಡಿದೆ. ಗೋಡೆ ತೂರಿ ಹೊರಗಿನ ಕಾಯಿಲಿಗೆ ಹೋದ ಪೈಪಿಗೆ ಸುತ್ತಿದ್ದದ್ದು ಕೆಂಪು ಟೇಪು. ಕೆಂಪು! ಮನೆಯೊಳಗೆ ಹೋಗಬೇಕಾದದ್ದು! ಫೋರ್‌ಮನ್ ಅಣ್ಣನ ಕೈ ಇಷ್ಟು ವರ್ಷ ಮಾಡಿದ್ದನ್ನೇ ಮಾಡಿತ್ತು. ಬಿಸಿ ಹೊರಗೆ, ತಂಪು ಒಳಗೆ. ದುಬೈಯಲ್ಲಿ ಬಿಸಿಯನ್ನು ಮನೆಯೊಳಗೆ ಬಿಡುವುದು ಎಂದರೆ ಅವನ ಕೈಗೆ ಕಳ್ಳನನ್ನು ಒಳಗೆ ಬಿಟ್ಟ ಹಾಗೆ. ಅದಕ್ಕೇ ನಿನ್ನೆ ಹೊರಗಿನ ಕಾಯಿಲ್ ಬಿಸಿ ಎಂದು ಕೇಳಿ ನಾವಿಬ್ಬರೂ ಕುಣಿದದ್ದು! ನಾನು ಆ ಮಂಜಿನಲ್ಲಿ ಒಬ್ಬನೇ ನಿಂತು ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಫೋನ್ ಮಾಡಿದೆ.

"ಅಣ್ಣ, ಕೆಂಪು ಟೇಪು ಎಲ್ಲಿಗೆ ಕೊಟ್ಟಿದ್ದಿ?"

"ಹೊರಗೆ. ಮತ್ತೆಲ್ಲಿಗೆ?" ಎಂದ ಅವನು. ರಾಸ್ ಅಲ್ ಖೋರ್‌ನ ಗ್ರೈಂಡರ್ ಶಬ್ದ ಮಾತ್ರ ಕೇಳುತ್ತಿತ್ತು. "ಅಯ್ಯೋ ದೇವರೇ," ಎಂದ ಕೊನೆಗೆ. "ಬಾಣಂತಿಗೆ ಏಸಿ ಹಾಕಿದೆನಾ ನಾನು?"

ಅವನು ಪಿಕಪ್ ಓಡಿಸಿಕೊಂಡು ಬಂದ. ಸುದ್ದಿ ಕೇಳಿ ಸಾಹೇಬರೂ ಹಿಂದೆಯೇ ಬಂದರು. ಫೋರ್‌ಮನ್ ತಲೆ ತಗ್ಗಿಸಿಕೊಂಡು, ಯಾರ ಮುಖವನ್ನೂ ನೋಡದೆ, ವಾಲ್ವ್ ಮುಚ್ಚಿ, ಪೈಪು ಬಿಚ್ಚಿ, ಅದಲುಬದಲು ಮಾಡಿ ಬಿಗಿದ. ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರಗೆ ಬಿಟ್ಟ. ಮೆಷಿನ್ ಮತ್ತೆ ಮೆತ್ತಗೆ ಸುತ್ತತೊಡಗಿತು. ಹೊರಗಿನ ಕಾಯಿಲ್ ನಿಧಾನವಾಗಿ ತಣ್ಣಗಾಗಿ ಅದರ ಮೇಲೆ ಹನಿ ಕೂತಾಗ ಪಾಪದವನು ಎದೆ ಮುಟ್ಟಿಕೊಂಡ. "ಹೊರಗೆ ತಂಪು, ಹೊರಗೆ ತಂಪು," ಎಂದು ಜಪ ಮಾಡುತ್ತಿದ್ದ. ಅವನ ಜನ್ಮದಲ್ಲಿ ಇದು ಕೆಟ್ಟ ಶಕುನ.

ಆಮೇಲೆ ಕಾಯುವ ಕೆಲಸ. ಹೆಂಡತಿ ಮಗುವನ್ನು ಅಪ್ಪಿಕೊಂಡು ಮಂಚದ ಮೇಲೆ. ನಾವು ಮೂರು ಗಂಡಸರು ಬೂಟು, ಸಾಕ್ಸ್ ತೆಗೆದು, ಪ್ಯಾಂಟು ಮೊಣಕಾಲಿಗೆ ಮಡಚಿ ಹಾಲ್‌ನ ನೆಲದ ಮೇಲೆ ನಿಂತೆವು. ಸಾಹೇಬರ ಬಿಳಿಯ ಪಾದಗಳನ್ನು ನಾನು ಮೊದಲ ಬಾರಿಗೆ ನೋಡಿದ್ದು ಅಂದೇ. ಅತ್ತೆ ಬಾಗಿಲಿನ ಹತ್ತಿರದಿಂದ ಗೋಡೆಯ ಉದ್ದಕ್ಕೂ ಮೆಲ್ಲನೆ ಹೆಜ್ಜೆ ಇಡುತ್ತಿದ್ದರು.

"ಇಲ್ಲಿ!" ಎಂದರು ಥಟ್ಟನೆ. "ಇಲ್ಲಿ ಬಂತು!"

ನಾವು ಮೂವರೂ ಅಲ್ಲಿಗೆ ನುಗ್ಗಿದೆವು. ಪೈಪು ನೆಲದೊಳಗೆ ಇಳಿಯುವ ಜಾಗ. ಹೌದು! ಒಂದು ಗೇಣಿನಷ್ಟು ಅಗಲ, ಬಿಸಿಲಿಗೆ ಕಾದ ಜಗಲಿಯ ಅಂಚಿನ ಹಾಗೆ. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೆ? ಫೋರ್‌ಮನ್ ಬಲಕ್ಕೆ ಹೆಜ್ಜೆ ಇಟ್ಟ. "ಇಲ್ಲೂ ಉಂಟು!" ಸಾಹೇಬರು ಕಿಟಕಿಯ ಬಳಿಯಿಂದ, "ಇಲ್ಲೂ, ಇಲ್ಲೂ, ವಲ್ಲಾ!" ಎಂದು ಕೂಗಿದರು. ಬಿಸಿ ಪೈಪಿನ ದಾರಿಯಲ್ಲೇ ಬರುತ್ತಿತ್ತು, ಗೋಡೆಯಿಂದ ಗೋಡೆಗೆ, ತಿರುಗಿ ಮತ್ತೆ ಗೋಡೆಗೆ. ನಾವು ಅದರ ಹಿಂದೆ ಹಿಂದೆ, ಅಂಗಾಲಿನಲ್ಲಿ ದಾರಿ ಹುಡುಕುತ್ತಾ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ, ಹುಡುಗರ ಹಾಗೆ ನಗುತ್ತಾ ಸುತ್ತಿದೆವು. ಹೆಂಡತಿ ಮಂಚದ ಮೇಲಿಂದ ನೋಡಿ, "ಒಬ್ಬ ಮದ್ದಳೆ ಬಾರಿಸುವವನು ಇದ್ದಿದ್ದರೆ ಯಕ್ಷಗಾನವೇ ಆಗ್ತಿತ್ತು," ಎಂದಳು. ಯಾರಿಗೆ ಲಕ್ಷ್ಯ? ನನಗೆ ರೆಕ್ಕೆ ಬಂದ ಹಾಗಿತ್ತು. ಬೆಂಕಿಯಿಲ್ಲ, ಹೊಗೆಯಿಲ್ಲ, ಅಲಾರಂ ಇಲ್ಲ, ಹೊರಗಿನ ಮಂಜಿನ ಗಾಳಿಯಿಂದಲೇ ಬಿಸಿಯನ್ನು ಹಿಂಡಿ ತಂದು ಒಂದು ಆಯಸ್ಕಾಂತ ನನ್ನ ಮನೆಯ ನೆಲವನ್ನು ಬೆಚ್ಚಗೆ ಮಾಡುತ್ತಿತ್ತು!

ಮಧ್ಯಾಹ್ನದ ಹೊತ್ತಿಗೆ ಇಡೀ ಕೋಣೆ ಹದವಾಯಿತು. ಅತ್ತೆ ಫೋರ್‌ಮನ್‌ನನ್ನು ಕರೆದು ಕೂರಿಸಿ, ಬಾಣಂತಿಗೆಂದು ಮಾಡಿದ ಲೇಹ್ಯದ ಒಂದು ಉಂಡೆಯನ್ನು ಅವನ ಕೈಗೆ ಹಾಕಿದರು. "ತಿನ್ನಿ. ನೀವೂ ಇವತ್ತು ಹೆತ್ತ ಹಾಗೆಯೇ ಬೆವರಿದ್ದೀರಿ," ಎಂದರು. ಅವನು ಆಗ ತಲೆ ಎತ್ತಿ ನಕ್ಕ.

ಅವರೆಲ್ಲ ಹೋದ ಮೇಲೆ ಅತ್ತೆ ಮಗುವಿನ ಅಂಗಾಲನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ನಾನು ಎದುರಿಗೆ ನಿಂತಿದ್ದೆ. ಅವರು ಕಾಲಿನ ಮೇಲಿದ್ದ ಶಾಲನ್ನು ತೆಗೆದು ಮಡಚಿ ಪಕ್ಕಕ್ಕಿಟ್ಟರು.

"ಟಿಕೆಟ್ ಆಯ್ತಾ?" ಎಂದರು.

"ಇಲ್ಲ."

"ನನಗೊಬ್ಬಳಿಗೆ ಮಾಡಿ. ನಲವತ್ತು ಕಳೆದ ಮೇಲೆ."

ಹೆಂಡತಿ ಬೆಡ್‌ಶೀಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಅಡುಗೆಮನೆಗೆ ಹೋಗಿ ಬೆಳಿಗ್ಗೆ ಒದ್ದ ಸ್ಟೂಲನ್ನು ಎತ್ತಿ ಸರಿಯಾಗಿ ಇಟ್ಟೆ.

ಆ ಚಳಿಗಾಲ ನಾವು ಆ ಮನೆಯಲ್ಲೇ ಇದ್ದೆವು. ಮಂಚವನ್ನು ಮರೆತು ಎಲ್ಲರೂ ನೆಲದ ಮೇಲೆ ಚಾಪೆ ಹಾಸಿ ಮಲಗತೊಡಗಿದೆವು. ಅತ್ತೆ ಊರಿಗೆ ಹೊರಡುವ ಹೊತ್ತಿಗೆ ಮಗು ಕೈತುಂಬ ಆಗಿತ್ತು. ಹೊರಡುವ ಮೊದಲು ಅವರು ಆ ಪೆಟ್ಟಿಗೆಗೂ ಒಂದು ಕುಂಕುಮದ ಬೊಟ್ಟು ಇಟ್ಟರು. ಅದನ್ನು ನೋಡಿ ಆ ಯುರೋಪಿನ ಇಂಜಿನಿಯರ್ ಇದು ಯಾವ ಭಾಗದ ಗುರುತು ಎಂದು ನನ್ನನ್ನು ಕೇಳಿದ.

ಒಂದು ಸಂಜೆ ನಾನು ವರ್ಕ್‌ಶಾಪಿನಿಂದ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಾ ಏನೋ ಹೇಳಿದೆ. ಏನೆಂದು ನೆನಪಿಲ್ಲ, ಟ್ರಾಫಿಕ್ಕಿಗೆ ಬೈದಿರಬೇಕು. ನೆಲದ ಮೇಲೆ ಬರಿಮೈಯಲ್ಲಿ ಮಲಗಿ ಕಾಲು ಆಡಿಸುತ್ತಿದ್ದ ಮಗಳು ಸ್ವರ ಬಂದ ಕಡೆಗೆ ತಲೆ ತಿರುಗಿಸಿ, ಬೊಚ್ಚು ಬಾಯಿ ತೆರೆದು ನಕ್ಕಳು. ಹೆಂಡತಿ ಅದನ್ನು ಫೋನಿನಲ್ಲಿ ಹಿಡಿದಿದ್ದಳು. ನಾನು ಅದನ್ನು ಊರಿನಲ್ಲಿದ್ದ ಅಪ್ಪನಿಗೆ ಕಳಿಸಿದೆ.

ಅಪ್ಪ ಹೆಚ್ಚು ಮಾತಿನವರಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಅವರ ಫೋನ್ ಬಂತು. ಮೆಷಿನಿನ ವಿಷಯ ಕೇಳಲಿಲ್ಲ, ಮನೆಯ ವಿಷಯ ಕೇಳಲಿಲ್ಲ.

"ನೀನು ಎತ್ತಿಕೊಂಡಾಗ ಅತ್ತಳಾ?" ಎಂದು ಕೇಳಿದರು.

"ಇಲ್ಲಪ್ಪ."

"ಒಮ್ಮೆಯೂ?"

"ಒಮ್ಮೆಯೂ ಇಲ್ಲ."



"ಹಾಗಾದ್ರೆ ಸರಿ," ಎಂದರು ಅಪ್ಪ. "ಫೋನ್ ಇಡು. ಹೋಗಿ ಎತ್ತಿಕೋ."